ಒಂಟಿಮನೆಯೋ, ಕೇರಿಮನೆಯೋ, ಅಪ್ಪನ ಮನೆಯೋ: ಮಲೆನಾಡಿಗೆ ಬಂದು ನೆಲೆಸುವ ಮುಂಚೆ

ದೀಪಾವಳಿ ಕಳೆದು ಮಳೆ ಪೂರ್ತಿ ಹೊಳವಾಯಿತು ಅಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರುವಾಗುತ್ತವೆ. "ಬೆಂಗಳೂರು ಸಾಕಾಗಿದೆ. ನಿಮ್ಮ ಕಡೆ ಕಾಡಿನ ಪಕ್ಕ ಎರಡು ಎಕರೆ ಜಾಗ, ಒಂದು ಸಣ್ಣ ಮನೆ, ಎರಡು ದನ. ಬೆಳೆದದ್ದು ಉಂಡುಕೊಂಡು ಇದ್ದುಬಿಡ್ತೀವಿ. ಎಲ್ಲಿ ನೋಡೋದು?" ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಮಾತು ಆಡಿಕೊಂಡು ಬಂದವನು. ಆದರೆ ಮೇ ತಿಂಗಳಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ, ಜುಲೈಯಲ್ಲಂತೂ ಇಲ್ಲವೇ ಇಲ್ಲ. ನವೆಂಬರಿನ ಮಲೆನಾಡು ಹೆಣ್ಣು ತೋರಿಸಲು ಕಳಿಸಿದ ಫೋಟೊ ಇದ್ದ ಹಾಗೆ. ಹಳ್ಳದಲ್ಲಿ ನೀರಿದೆ, ರಸ್ತೆ ಒಣಗಿದೆ, ರಕ್ತ ಹೀರುವ ಇಂಬಳ ಮಣ್ಣು ಸೇರಿದೆ.

ನಾನು ಮೊದಲ ಎರಡು ವರ್ಷ ಇದ್ದದ್ದು ಹೊಸನಗರ ತಾಲ್ಲೂಕಿನ ಕಾಡಂಚಿನ ಒಂದು ಒಂಟಿಮನೆಯಲ್ಲಿ. ಆಮೇಲೆ ಸಾಗರ ತಾಲ್ಲೂಕಿನ ಆರು ಮನೆಯ ಕೇರಿಗೆ ಬಂದೆವು, ಈಗಲೂ ಅಲ್ಲೇ ಇದ್ದೇವೆ. ಈ ನಡುವೆ ತಂಗಿ ಗಂಡನೊಟ್ಟಿಗೆ ನಮ್ಮ ಅಪ್ಪನ ಮನೆಗೆ ಮರಳಿದಳು, ಗೆಳೆಯನೊಬ್ಬ ತೀರ್ಥಹಳ್ಳಿ ಪೇಟೆಯ ಅಂಚಿನಲ್ಲಿ ಹತ್ತು ಗುಂಟೆ ತಗೊಂಡ. ಹೀಗೆ ನಾಲ್ಕೂ ದಾರಿಯ ಒಳಹೊರಗು ಹತ್ತಿರದಿಂದ ನೋಡಿದ್ದೇನೆ. ಐದನೆಯದೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಫೋನಿನಲ್ಲಿ ಕೇಳುವವರಲ್ಲಿ ಎಷ್ಟೋ ಜನ ಅಲಾಸ್ಕದ ಡಿಕ್ ಪ್ರೆನಿಕಿಯ ಹೆಸರು ಹೇಳುತ್ತಾರೆ. ಹೇಳಬೇಕಾದ ಮನುಷ್ಯನೇ. 1968ರಲ್ಲಿ, ಐವತ್ತು ದಾಟಿದ ಮೇಲೆ, ಟ್ವಿನ್ ಲೇಕ್ಸ್ ಎಂಬ ಸರೋವರದ ದಂಡೆಯಲ್ಲಿ ಕೈ ಉಪಕರಣಗಳಿಂದಲೇ ಮರದ ದಿಮ್ಮಿಯ ಮನೆ ಕಟ್ಟಿಕೊಂಡು, ಹೆಚ್ಚುಕಡಿಮೆ ಮೂವತ್ತು ವರ್ಷ ಅಲ್ಲೇ ಬದುಕಿದ. ಆದರೆ ಅವನಿಗೊಬ್ಬ ಗೆಳೆಯನಿದ್ದ, ಸಣ್ಣ ವಿಮಾನ ಹಾರಿಸುವವನು. ಆಗಾಗ ಬಂದು ಟಪಾಲು, ದಿನಸಿ ಇಳಿಸಿ ಹೋಗುತ್ತಿದ್ದ. ಒಬ್ಬನೇ ಇದ್ದ ನಿಜ, ಆದರೆ ಆ ವಿಮಾನದ ಸದ್ದಿಗೆ ಕಿವಿ ಕೊಟ್ಟೇ ಇದ್ದ. ನಮ್ಮ ಕಡೆ ಆ ವಿಮಾನದ ಕೆಲಸ ಮಾಡುವುದು ಪಕ್ಕದ ಮನೆ. ಇಲ್ಲಿಯ ಹಳಬರು ಯಾರೂ ಒಬ್ಬರೇ ಗದ್ದೆ ನೆಟ್ಟವರಲ್ಲ. ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ ಅಂತ ಮುಯ್ಯಾಳು ಮಾಡಿಕೊಂಡೇ ಬದುಕಿದವರು. ಯಾರ ಹಂಗೂ ಬೇಡ ಅಂತ ಬರುವವರಿಗೆ ಇದು ರುಚಿಸುವುದಿಲ್ಲ, ಗೊತ್ತು. ಜಾಗ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಯಾರ ಹಂಗಿನಲ್ಲಿ ಇರುವುದು ನನಗೆ ಒಗ್ಗುತ್ತದೆ?

ಯಾವುದನ್ನು ಇಟ್ಟುಕೊಂಡು ಅಳೆಯುವುದು

ಮೊದಲನೆಯದು ಮೇ ತಿಂಗಳ ನೀರು. ಮಲೆನಾಡಿನಲ್ಲಿ ನೀರಿಗೇನು ಬರ ಅನ್ನುವವರು ಏಪ್ರಿಲ್ ಕೊನೆಗೆ ಬಂದು ಬಾವಿಗೆ ಕೊಡಪಾನ ಇಳಿಸಿ ನೋಡಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರು ಹಿಡಿದು ಸಮುದ್ರ ಸೇರಿರುತ್ತದೆ. ಗುಡ್ಡದ ಮನೆಗಳಿಗೆ ಅಬ್ಬಿ ನೀರೇ ಆಸರೆ: ಮೇಲಿನ ಒರತೆಯಿಂದ ಇಳಿಜಾರಿನಲ್ಲಿ ತಾನಾಗಿ ಹರಿದು ಬರುವ ನೀರು. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪು. ಕರೆಂಟು ಬೇಡ, ಪಂಪು ಬೇಡ, ಹಗಲೂ ರಾತ್ರಿ ಬಚ್ಚಲ ತೊಟ್ಟಿಗೆ ಬೀಳುತ್ತಿರುತ್ತದೆ. ಕೇಳುವುದಕ್ಕೆ ಎಷ್ಟು ಚೆಂದ!

ಒಂಟಿಮನೆಯಲ್ಲಿದ್ದಾಗ ಆ ಪೈಪಿನ ಬಾಯಿ ಮನೆಯಿಂದ ಮುಕ್ಕಾಲು ಕಿಲೋಮೀಟರ್ ಮೇಲಿತ್ತು. ಪುನರ್ವಸು ಮಳೆಯಲ್ಲಿ ಒಂದು ಬೆಳಿಗ್ಗೆ ತೊಟ್ಟಿ ಸದ್ದು ನಿಂತಿತು. ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಸುಣ್ಣ ತಂಬಾಕು ತಿಕ್ಕಿಕೊಂಡು ಹತ್ತಿದೆ. ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆ ಹರಿದಿತ್ತು, ಒಳಗೆ ಕೊಳೆತ ಎಲೆಯ ಮುದ್ದೆ, ಅದರ ಹಿಂದೆ ಅಂಗೈಯಗಲದ ಏಡಿ. ಕಡ್ಡಿ ಹಾಕಿ ಎಳೆದರೆ ಕೊಂಡಿ ಮಾತ್ರ ಬಂತು. ಏಡಿ ತೆಗೆದ ಮೇಲೂ ನೀರು ಇಳಿಯಲಿಲ್ಲ, ನಡುವೆ ಗಾಳಿ ಕಟ್ಟಿಕೊಂಡಿತ್ತು. ಒಂದೊಂದೇ ಜೋಡು ಬಿಚ್ಚಿ, ಬಾಯಿ ಹಚ್ಚಿ ಎಳೆದು, ಕೆಸರು ನುಂಗಿ ಉಗಿದು, ಮತ್ತೆ ಜೋಡಿಸುತ್ತ ಕೆಳಗಿಳಿದಾಗ ಮಧ್ಯಾಹ್ನ ಎರಡು ಗಂಟೆ. ಕಾಲಿನಲ್ಲಿ ಹದಿನಾಲ್ಕು ಇಂಬಳ ಎಣಿಸಿದೆ. ಆ ಮಳೆಗಾಲದಲ್ಲಿ ಹೀಗೆ ಒಂಬತ್ತು ಸಲ ಹತ್ತಿಳಿದಿದ್ದೇನೆ. ಫೆಬ್ರವರಿಯಲ್ಲಿ ಅದೇ ಪೈಪನ್ನು ಕಾಡುಕೋಣ ತುಳಿದು ಸೀಳಿತು. ಏಪ್ರಿಲ್‌ನಲ್ಲಿ ಒರತೆಯೇ ಬೆರಳು ಗಾತ್ರಕ್ಕೆ ಬಂತು. ಪುಕ್ಕಟೆ ನೀರು ಅನ್ನುವಾಗ ಈ ಹತ್ತಿಳಿಯುವ ಲೆಕ್ಕವನ್ನೂ ಹಿಡಿಯಿರಿ.

ಎರಡನೆಯದು ಮಳೆಗಾಲದ ಮೂರು ತಿಂಗಳು. ಇದರಲ್ಲಿ ಸೌದೆ, ಬೆಳಕು, ದಾರಿ ಮೂರೂ ಬಂದವು. ಸೌದೆಯನ್ನು ಯುಗಾದಿಯ ಹೊತ್ತಿಗೆ ಒಡೆದು, ಬಿಸಿಲಿಗೆ ಹಾಕಿ, ಮೇ ಮುಗಿಯುವುದರೊಳಗೆ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಒಟ್ಟಿರಬೇಕು. ನಾನು ಮೊದಲ ವರ್ಷ ಜೂನ್ ಎರಡನೇ ವಾರಕ್ಕೆ ಏಳುದಿನದಷ್ಟು ಸೌದೆ ಇಟ್ಟುಕೊಂಡು ಕೂತಿದ್ದೆ! ಬೆಳಕಿನ ಮಾತು ಹೇಳುವುದಾದರೆ, ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ರಾಜ್ಯಕ್ಕೆಲ್ಲ ಕರೆಂಟು ಕೊಟ್ಟ ಈ ಶರಾವತಿ ಕಣಿವೆಯಲ್ಲಿ ಇವತ್ತಿಗೂ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ. ಸೋಲಾರ್ ಹಾಕಿಸಿ, ಬೇಡ ಅನ್ನುವುದಿಲ್ಲ, ಆದರೆ ಅದು ಬೇಕೇ ಬೇಕಾದ ಜುಲೈನಲ್ಲಿ ಸೂರ್ಯ ಕಾಣುವುದು ಅಪರೂಪ. ಮನೆ ಮೇಲೆ ಹಳ್ಳವಿದ್ದವರಿಗೆ ಸಣ್ಣ ಟರ್ಬೈನು ಒಳ್ಳೆಯದು. ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಐದು ಲೀಟರ್ ಬಿದ್ದರೆ ಲೆಕ್ಕಕ್ಕೆ 980 ವಾಟ್. ನಷ್ಟ ಕಳೆದು ಅರ್ಧ ಕೈಗೆ ಸಿಕ್ಕಿದರೂ ನಾಲ್ಕು ದೀಪ, ಒಂದು ಮಿಕ್ಸಿಗೆ ಸಾಕು. ಅದೂ ಜೂನ್‌ನಿಂದ ಡಿಸೆಂಬರ್, ಹೆಚ್ಚೆಂದರೆ ಜನವರಿ. ಹಾಗಾಗಿ ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಸೋಲಾರ್, ಎರಡೂ ಇದ್ದವನೇ ಸುಖಿ.

ಮೂರನೆಯದು ಕೂಗಳತೆ. ಅಂಗಳದಲ್ಲಿ ನಿಂತು ಕೂಗಿದರೆ ಓ ಅನ್ನುವ ಮನೆ ಇದೆಯೇ? ಫೋನ್ ಇದೆಯಲ್ಲ ಅನ್ನಬೇಡಿ, ಕರೆಂಟು ಹೋದ ಎರಡನೇ ದಿನ ಟವರೂ ಮಲಗುತ್ತದೆ. ಇದಕ್ಕೆ ಆಸ್ಪತ್ರೆಯ ದೂರವನ್ನೂ ಸೇರಿಸಿ. ಹಾವು ಕಚ್ಚಿದರೆ ಔಷಧಿ ಸಿಗುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ ತಯಾರಾದ ಔಷಧಿ. ನಮ್ಮ ಕಾಡಿನ ಕಾಳಿಂಗಕ್ಕಾಗಲಿ, ಕಾಫಿ ಅಡಿಕೆ ತೋಟದ ಹಸಿರು ಮಂಡಲಕ್ಕಾಗಲಿ ಮಾಡಿದ್ದಲ್ಲ. ಇನ್ನು ಮಂಗನ ಕಾಯಿಲೆ. 1957ರಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜನ ಸತ್ತದ್ದು ಇಲ್ಲಿ ಯಾರೂ ಮರೆತಿಲ್ಲ. ಹರಡುವುದು ಉಣ್ಣೆ ಹುಳದಿಂದ, ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ನೀವು ಬಂದು "ಆಹಾ, ಎಂಥ ಹವೆ" ಅನ್ನುವ ತಿಂಗಳುಗಳಲ್ಲೇ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿಬಿಟ್ಟರು. ಕಾಡಿಗೆ ಹೋಗುವಾಗ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಡೀಪಾ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಕಾಗದ ಮತ್ತು ದುಡ್ಡಿನ ಮಾತು ಒಂದೊಂದು ಆಯ್ಕೆಯ ಜೊತೆಗೇ ಬರುತ್ತದೆ.

ಕಾಡಂಚಿನ ಒಂಟಿಮನೆ

ಎಲ್ಲರ ಕಣ್ಣಲ್ಲೂ ಇರುವುದು ಇದೇ. ನನ್ನ ಕಣ್ಣಲ್ಲೂ ಇತ್ತು. ಇದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಲಾಟೀನು ಆರಿಸಿದ ಮೇಲೆ ಮಳೆ, ಕಪ್ಪೆ, ಬಚ್ಚಲಿನ ನೀರು ಬಿಟ್ಟರೆ ಬೇರೆ ಸದ್ದಿಲ್ಲ. ಆ ಎರಡು ವರ್ಷದಲ್ಲಿ ಕಲಿತಷ್ಟು ಮತ್ತೆಂದೂ ಕಲಿತಿಲ್ಲ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸದೆ ತಿನ್ನಬಾರದು. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲು ಕೆರೆಯುತ್ತದೆ. ಹಲಸಿನ ಸೊಳೆಯನ್ನು ಉಪ್ಪುನೀರಿಗೆ ಹಾಕಿಟ್ಟರೆ ಆಶ್ಲೇಷ ಮಳೆಯಲ್ಲಿ ಪಲ್ಯಕ್ಕೆ ಚಿಂತೆಯಿಲ್ಲ.

ಕೊಳ್ಳುವುದಾದರೆ ಮಾತ್ರ ಕಾಗದ ನೋಡುವವರೆಗೆ ಮನೆಯ ಕಡೆ ಕಣ್ಣೆತ್ತಬೇಡಿ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ದಲ್ಲಾಳಿಗಳು ಹೇಳುವುದು ಇಷ್ಟನ್ನೇ. ಹೇಳದೆ ಬಿಡುವುದು ಬೇಕಾದಷ್ಟಿದೆ. "ಎರಡು ಎಕರೆ ತೋಟ, ಜೊತೆಗೆ ಎಂಟು ಎಕರೆ ಬೆಟ್ಟ" ಎಂದರೆ ಆ ಎಂಟು ಎಕರೆ ನಿಮ್ಮದಲ್ಲ. ಸೊಪ್ಪಿನ ಬೆಟ್ಟದಲ್ಲಿ ತೋಟಕ್ಕೆ ಹಸಿ ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ಮಾತ್ರ, ನೆಲ ಸರ್ಕಾರದ್ದು. ಅಲ್ಲಿ ಮನೆ ಕಟ್ಟುತ್ತೇನೆ ಅಂದರೆ ನೇರ ಅರಣ್ಯ ಇಲಾಖೆಯ ಕೇಸು. ಸರ್ಕಾರಿ ನೆಲ ಸಾಗುವಳಿ ಮಾಡಿಕೊಂಡು ಸಕ್ರಮಕ್ಕೆ ಬಗರ್‌ಹುಕುಂ ಅರ್ಜಿ ಹಾಕಿದ ಜಾಗ, ಇನ್ನೂ ಮಂಜೂರಾಗದ್ದನ್ನು, ಬಾಂಡ್ ಪೇಪರಿನ ಮೇಲೆ ಕೈ ಬದಲಾಯಿಸುವವರಿದ್ದಾರೆ. ಅದು ಕೊಂಡಂತಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಶರಾವತಿ ಮುಳುಗಡೆಯವರಿಗೆ ಕೊಟ್ಟ ಎಷ್ಟೋ ಜಾಗಗಳ ದಾಖಲೆ ಅರವತ್ತು ವರ್ಷವಾದರೂ ನೆಟ್ಟಗಾಗಿಲ್ಲ. ಅವರ ಸಂಕಟವೇ ಅವರಿಗೆ ಸಾಕು, ಅದರೊಳಗೆ ನೀವು ಕಾಲಿಡಬೇಡಿ. ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರು, 11ರಲ್ಲಿ ಸಾಲ ತಕರಾರು, ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟು, ಅದು 'ಅ'ಯೋ (ಹಿಡುವಳಿಯೊಳಗಿನದು) 'ಬ'ಯೋ (ದಾರಿ, ಹಳ್ಳದಂಥ ಸಾರ್ವಜನಿಕರದು), ಪೋಡಿ (ಅಳತೆ ಮಾಡಿ ಬೇರೆ ನಂಬರು ಕೊಡುವುದು) ಆಗಿದೆಯೋ, ಇಷ್ಟನ್ನು ಊರಿನವರೇ ಆದ ವಕೀಲರ ಹತ್ತಿರ ಓದಿಸಿ. ಸ್ವಂತ ಜಾಗದ ಮರ ಕಡಿಯುವುದಕ್ಕೂ 1976ರ ಕಾಯ್ದೆಯಂತೆ ಅನುಮತಿ ಬೇಕು, ಹಾಗಾಗಿ ಮರ ಕಡಿದು ದಿಮ್ಮಿಮನೆ ಕಟ್ಟುವ ಕನಸಿದ್ದರೆ ಅಲಾಸ್ಕದಲ್ಲೇ ಬಿಟ್ಟುಬನ್ನಿ.

ಅಡಿಕೆ ತೋಟವಿದೆ, ಅದೇ ಸಾಕುತ್ತದೆ ಅನ್ನುವ ಲೆಕ್ಕವೂ ಒಂದಿರುತ್ತದೆ. ಒಂಬತ್ತಡಿ ಅಂತರಕ್ಕೆ ಎಕರೆಗೆ ಸುಮಾರು 540 ಮರ. ಹೊಸದಾಗಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಡುವೆ ಹೊಳವು ನೋಡಿ ಇನ್ನೊಂದು ಸಲ ಕೊಳೆರೋಗದ ಔಷಧಿ ಹೊಡೆಯಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸುವುದು ಸುಲಭ, ಜಾರುವ ಮರ ಹತ್ತಿ ಹೊಡೆಯುವವರು ಸಿಗುವುದು ಕಷ್ಟ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದು ಘಟ್ಟದ ಅಂಚಿನ ತೋಟಗಳು ಒಣಗಿದ್ದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ತೋಟ ಇರುವವರೇ ಮಕ್ಕಳನ್ನು ಪೇಟೆಗೆ ಕಳಿಸುತ್ತಿದ್ದಾರೆ.

ಇದು ಯಾರಿಗೆ? ಮೈಯಲ್ಲಿ ಕಸುವಿರುವವರಿಗೆ, ಇಬ್ಬರಿಗೂ ಮನಸ್ಸಿರುವ ದಂಪತಿಗೆ, ಎರಡು ವರ್ಷ ಬೇರೆ ಆದಾಯವಿಲ್ಲದೆ ತಡೆಯುವ ಗಂಟು ಇರುವವರಿಗೆ. ಶಾಲೆಗೆ ಹೋಗುವ ಮಕ್ಕಳಿದ್ದರೆ, ದಿನಾ ಮಾತ್ರೆ ನುಂಗುವ ಹಿರಿಯರಿದ್ದರೆ ಬೇಡ. ಒಬ್ಬರಿಗೆ ಮನಸ್ಸಿದ್ದು ಇನ್ನೊಬ್ಬರು "ನೋಡೋಣ" ಅನ್ನುತ್ತಿದ್ದರೆ ಖಂಡಿತ ಬೇಡ. ಆರಿದ್ರೆ ಮಳೆಯ ಮೂರನೇ ದಿನ ಆ "ನೋಡೋಣ" ಏನಾಗುತ್ತದೆ ಅಂತ ನಾನು ನೋಡಿದ್ದೇನೆ.

ಕೇರಿಯ ಹಳೇಮನೆ, ಬಾಡಿಗೆಗೆ

ಮಲೆನಾಡಿನ ಯಾವ ಕೇರಿಗೆ ಹೋದರೂ ಬೀಗ ಹಾಕಿದ ಒಂದು ಮನೆ ಇರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ, ವರ್ಷಕ್ಕೊಮ್ಮೆ ದೇವರ ಕಾರ್ಯಕ್ಕೆ ಬಂದು ಹೋಗುತ್ತಾರೆ. ಜನ ಇಲ್ಲದ ಹಂಚಿನ ಮನೆ ಮೂರು ಮಳೆಗಾಲ ಕಂಡರೆ ಪಕಾಸಿ ಕೊಳೆಯುತ್ತದೆ, ಆದ್ದರಿಂದ ಬಾಡಿಗೆಗಿಂತ ಯಾರಾದರೂ ಒಲೆ ಹಚ್ಚಿ ಇದ್ದರೆ ಸಾಕು ಅಂತ ಮನೆಯವರಿಗೂ ಇರುತ್ತದೆ. ಇದು ಜಾಹೀರಾತಿನಲ್ಲಿ ಸಿಗುವುದಿಲ್ಲ. ಸೊಸೈಟಿಯಲ್ಲಿ, ಹಾಲಿನ ಡೇರಿಯಲ್ಲಿ ಕೇಳಬೇಕು. "ನೀವು ಯಾರ ಪೈಕಿ?" ಅಂತ ಅವರು ಮೊದಲು ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಜಾತಿಯ ವಾಸನೆ ಆ ಪ್ರಶ್ನೆಯಲ್ಲಿ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಕೆಲವು ಕೇರಿಗಳಲ್ಲಿ ಅದೇ ಕಾರಣಕ್ಕೆ ಮನೆ ಸಿಗುವುದೂ ಇಲ್ಲ. ಆದರೆ ಮುಕ್ಕಾಲು ಪಾಲು ಸಲ ಕೇಳುವುದು, ನಾಳೆ ಏನಾದರೂ ಆದರೆ ಯಾರಿಗೆ ಹೇಳಿ ಕಳಿಸಬೇಕು ಅನ್ನುವುದಕ್ಕೆ.

ಹನ್ನೊಂದು ತಿಂಗಳ ಕರಾರು ಬರೆಸಿ, ಹಂಚು ಕೈಯಾಡಿಸುವ ಖರ್ಚು ಯಾರದು, ಹಿತ್ತಲ ತೆಂಗಿನಕಾಯಿ, ಹಲಸು ಯಾರದು, ಬಾವಿ ಎಷ್ಟು ಮನೆಗೆ ಅನ್ನುವುದನ್ನೂ ಬರೆಸಿ. ನಗುತ್ತೀರಿ, ಆದರೆ ಮನಸ್ತಾಪ ಬರುವುದು ಬಾಡಿಗೆಗಲ್ಲ, ಹಲಸಿನಹಣ್ಣಿಗೆ.

ಇಲ್ಲಿ ಕಳೆದುಕೊಳ್ಳುವುದು ಏಕಾಂತ. ನೀವು ಎಷ್ಟು ಗಂಟೆಗೆ ಎದ್ದಿರಿ, ನಿನ್ನೆ ಯಾರ ಕಾರು ಬಂದಿತ್ತು, ಎಲ್ಲ ಎಲ್ಲರಿಗೂ ಗೊತ್ತು. ಸಿಗುವುದು ಏನೆಂದು ಒಂದು ಉದಾಹರಣೆ ಹೇಳುತ್ತೇನೆ. ಈ ಮನೆಗೆ ಬಂದ ಮೊದಲ ಜುಲೈ. ಬೆಳಿಗ್ಗೆ ಹಂಡೆ ಒಲೆಗೆ ಊದಿ ಊದಿ ಕಣ್ಣು ಕೆಂಪಾಗಿತ್ತು. ಕೆಳಗಿನ ಮನೆ ಗೌಡರು ದಣಪೆ ದಾಟಿ ಬಂದರು.

"ಎಂತ ಮಾರಾಯ್ರೆ, ಹಸಿ ಸೌದೆ ಒಟ್ಟೀರನು? ಹೊಗೆ ನಮ್ಮನೆ ತಂಕ ಬಂತು."

"ಒಣಗಿದ್ದೇ ಗೌಡ್ರೆ. ಮೇ ತಿಂಗಳಲ್ಲೇ ಒಡೆಸಿದ್ದು."

ಒಂದು ತುಂಡು ಎತ್ತಿ ಮೂಸಿದರು. "ಇದು ಮತ್ತಿ. ಮೇಲೆ ಒಣಗಿರ್ತದೆ, ಒಳಗೆ ನೀರು ಕುಡ್ದು ಕೂತಿರ್ತದೆ. ಹಂಡೆ ಹಿಂದ್ಗಡೆ ನಿಲ್ಸಿ, ಇವತ್ತಿನ ಬೆಂಕಿಗೆ ನಾಳಿನ ಸೌದೆ ಒಣಗ್ಬೇಕು." ಅಷ್ಟು ಹೇಳಿ ಹೋದವರು ಸಂಜೆ ಒಂದು ಹೊರೆ ಒಣ ಕಾಯಿಗರಟ, ಅಡಿಕೆ ಸಿಪ್ಪೆ ತಂದು ಹಾಕಿದರು. ಒಂಟಿಮನೆಯಲ್ಲಿ ಎರಡು ಮಳೆಗಾಲ ಊದಿದರೂ ನನಗೆ ಹೊಳೆಯದಿದ್ದದ್ದು ಎರಡು ನಿಮಿಷದಲ್ಲಿ ತಿಳಿಯಿತು. ನವೆಂಬರಿನಲ್ಲಿ ಅವರ ಮನೆಯ ಅಡಿಕೆ ಸುಲಿಯಲು ನಾವಿಬ್ಬರೂ ಹೋಗಿ ಕೂತೆವು. ಸುಲಿದದ್ದಕ್ಕಿಂತ ಕೈ ಕೊಯ್ದುಕೊಂಡದ್ದು ಜಾಸ್ತಿ. ಆದರೂ ಮುಯ್ಯಿಗೆ ಜಮಾ ಆಯಿತು.

ಖರ್ಚು ಎಷ್ಟು ಅಂತ ಕೇಳಿದರೆ ನಮ್ಮ ಲೆಕ್ಕ ಹೇಳಬಹುದು. ಬಾಡಿಗೆ ಮೂರು ಸಾವಿರ. ಅದೂ ಸೇರಿ ಇಬ್ಬರಿಗೆ ತಿಂಗಳಿಗೆ ಹದಿಮೂರು ಹದಿನಾಲ್ಕು ಸಾವಿರ. ಅಕ್ಕಿ ಕೊಳ್ಳುತ್ತೇವೆ, ವರ್ಷಕ್ಕೆ ಎರಡು ಕ್ವಿಂಟಲ್ ಚಿಲ್ಲರೆ. ತರಕಾರಿ ಏಳು ತಿಂಗಳು ಹಿತ್ತಲದ್ದೇ. ದೊಡ್ಡ ಸೌತೆಕಾಯಿ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ್ದು ಶ್ರಾವಣ ದಾಟುತ್ತದೆ. ಆದಾಯಕ್ಕೆ ನಾನು ವಾರಕ್ಕೆ ಮೂರು ದಿನ ಅನುವಾದದ ಕೆಲಸ ಮಾಡುತ್ತೇನೆ, ಅಂದರೆ ಬೆಂಗಳೂರಿನ ಹಂಗು ಪೂರ್ತಿ ಬಿಟ್ಟಿಲ್ಲ. ದನ ಸಾಕಬೇಕೆಂದಿದ್ದವರಿಗೆ ಒಂದು ಮಾತು. ಮಲೆನಾಡು ಗಿಡ್ಡ ಈ ಮಳೆಗೆ, ಈ ಗುಡ್ಡಕ್ಕೆ ಹುಟ್ಟಿದ ದನ, ಹಾಲು ಲೀಟರ್ ಎರಡು ಲೀಟರ್ ಕೊಟ್ಟರೂ ರೋಗ ಕಡಿಮೆ. ಆದರೆ ಎರಡು ಗಿಡ್ಡ ಕಟ್ಟಿಕೊಂಡು ಗೋಬರ್ ಗ್ಯಾಸಿನಲ್ಲಿ ಅಡುಗೆ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಎರಡು ಘನಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು.

ಅಡಿಗೆ, ಹಿತ್ತಲು, ನೆರೆ ಎಲ್ಲ ಇದ್ದರೂ ಪುಸ್ತಕ, ನಾಟಕ, ನಾಲ್ಕು ಮಾತು ಇಲ್ಲದೆ ಉಸಿರು ಕಟ್ಟುತ್ತದೆ ಅನ್ನುವವರು ಹೆಗ್ಗೋಡಿನ ಸುತ್ತಿನ ಕೇರಿಗಳನ್ನು ನೋಡಿ. 1949ರಿಂದ ಅಲ್ಲಿ ನೀನಾಸಂ ಇದೆ, ಪಕ್ಕದ ಭೀಮನಕೋಣೆಯಲ್ಲಿ ಚರಕ ಎಂಬ ಸಂಸ್ಥೆಯ ಹೆಣ್ಣುಮಕ್ಕಳು ಬಟ್ಟೆ ನೇಯುತ್ತಾರೆ, ಗಿಡಮರದ ಬಣ್ಣ ಹಾಕುತ್ತಾರೆ. ಸರಳವಾಗಿ ಬದುಕುವುದಕ್ಕೆ ಮಾತು ಬಿಡಬೇಕಾಗಿಲ್ಲ.

ಅಪ್ಪನ ಮನೆ

ಊರಿನಲ್ಲಿ ಪಾಲಿದ್ದೂ ಹೊರಗೆ ಜಾಗ ಹುಡುಕುವವರು ಬಹಳ. ಕಾರಣ ಎಲ್ಲರಿಗೂ ಗೊತ್ತು. ಕೂತು ಉಣ್ಣಲು ಬಂದ ಅಂತ ಅಣ್ಣ ಅಂದುಕೊಳ್ಳುತ್ತಾನೆ, ಅಷ್ಟು ಓದಿಸಿದ್ದು ಇದಕ್ಕಾ ಅಂತ ಅಪ್ಪ. ನೀರು, ಕಾಗದ, ಕೂಗಳತೆ ಮೂರರಲ್ಲೂ ಇದನ್ನು ಮೀರಿಸುವ ಆಯ್ಕೆ ಇಲ್ಲ, ದುಡ್ಡೂ ಕಡಿಮೆ. ತೆರಬೇಕಾದದ್ದು ಸ್ವಾತಂತ್ರ್ಯ. ದನದ ಕೊಟ್ಟಿಗೆಗೆ ಯಾವ ಸೊಪ್ಪು ಹಾಸಬೇಕು ಅನ್ನುವುದರಿಂದ ಹಿಡಿದು ಸಂಜೆ ಎಷ್ಟು ಹೊತ್ತಿಗೆ ಉಣ್ಣಬೇಕು ಅನ್ನುವವರೆಗೆ ನಿಮ್ಮ ಮಾತು ನಡೆಯುವುದಿಲ್ಲ.

ನನ್ನ ತಂಗಿ ಮಾಡಿದ ಉಪಾಯ ಒಳ್ಳೆಯದು. 2005ರ ತಿದ್ದುಪಡಿಯಿಂದ ಅವಳಿಗೂ ಸಮಪಾಲು ಇದೆ, ಆದರೆ ಪಾಲಿನ ಮಾತೇ ಎತ್ತಲಿಲ್ಲ. ಮೆತ್ತಿನ ಕೋಣೆ, ಹಿತ್ತಲ ಪಾಳುಬಿದ್ದ ಮೂಲೆ, ಒಂದು ಬೇರೆ ಒಲೆ, ಇಷ್ಟು ಕೇಳಿದಳು. ಬೇರೆ ಒಲೆ ಅಂದದ್ದಕ್ಕೆ ಅಮ್ಮ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಈಗ ಆ ಮೂಲೆಯಲ್ಲಿ ಕಾಳುಮೆಣಸಿನ ಸಸಿ ಮಾಡಿ ಮಾರುತ್ತಾಳೆ, ಅಪ್ಪನಿಗೆ ಸಾಲ ಬೇಕಾದಾಗ ಮೊದಲು ಕೇಳುವುದು ಅವಳನ್ನೇ. ಒಲೆ ಬೇರೆ, ಬಾವಿ ಒಂದೇ ಅನ್ನುವ ಈ ಏರ್ಪಾಡು ನಿಮ್ಮ ಮನೆಯಲ್ಲಿ ನಡೆಯುತ್ತದೆ ಅನ್ನಿಸಿದರೆ, ಹುಡುಕಾಟ ಇಲ್ಲಿಗೇ ನಿಲ್ಲಿಸಬಹುದು.

ಪೇಟೆಯಂಚಿನ ಹತ್ತು ಗುಂಟೆ

ಸಾಗರವೋ ತೀರ್ಥಹಳ್ಳಿಯೋ, ಪೇಟೆಯಿಂದ ಮೂರ್ನಾಲ್ಕು ಕಿಲೋಮೀಟರ್. ಗುಂಟೆಗೆ 1089 ಚದರಡಿ, ಹತ್ತು ಗುಂಟೆ ಅಂದರೆ 10,890. ಮನೆ, ಬಾವಿ, ಆರು ತೆಂಗು, ಎರಡು ಹಲಸು, ಬಾಳೆ, ಬಸಳೆ ಚಪ್ಪರ, ಒಂದು ಗಿಡ್ಡಕ್ಕೆ ಕೊಟ್ಟಿಗೆ ಹಿಡಿಯುತ್ತದೆ. ಗುಂಟೆಯ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದುಬಾರಿ. ಕೃಷಿ ಜಮೀನು ವಾಸಕ್ಕೆ ಪರಿವರ್ತನೆ ಆಗಿ, ಇ-ಸ್ವತ್ತು (ಪಂಚಾಯಿತಿಯ ಆಸ್ತಿ ದಾಖಲೆ) ಇರುವ ಜಾಗವನ್ನೇ ನೋಡಿ. ಕಾಡು ಇಲ್ಲ, ರಾತ್ರಿ ಹೆದ್ದಾರಿಯ ಲಾರಿ ಕೇಳುತ್ತದೆ. ಆದರೆ ನನ್ನ ಗೆಳೆಯನ ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಗಳು ಎಂಟನೇ ಕ್ಲಾಸು. ಅವನಿಗೆ ಬೇರೆ ಯಾವುದೂ ಸಾಧ್ಯವಿರಲಿಲ್ಲ. ವಿಚಿತ್ರ ಅಂದರೆ ತರಕಾರಿಯಲ್ಲಿ ನಮ್ಮೆಲ್ಲರಿಗಿಂತ ಸ್ವಾವಲಂಬಿ ಅವನೇ. ಕಾಡುಹಂದಿ, ಮಂಗ ಎರಡೂ ಅವನ ಬೇಲಿಗೆ ಬರುವುದಿಲ್ಲ. ನಾವು ಹಾಕಿದ ಗೆಣಸಿನಲ್ಲಿ ಮುಕ್ಕಾಲು ಹಂದಿಗೆ.

ಯಾರೂ ಎಣಿಸದ ಐದನೆಯದು

ಎಲ್ಲವನ್ನೂ ಬಿಟ್ಟು ಬರದೆ, ವರ್ಷಕ್ಕೆ ಎರಡು ಸಲ ಒಂದೊಂದು ತಿಂಗಳು ಬಂದು ಇರುವುದು. ಹೋಂಸ್ಟೇಯಲ್ಲಲ್ಲ. ಅಲ್ಲಿ ನಿಮಗಾಗಿ ಇನ್ನೊಬ್ಬರು ಹಂಡೆಗೆ ಬೆಂಕಿ ಹಾಕುತ್ತಾರೆ. ಪರಿಚಯದ ಬೇಸಾಯಗಾರರ ಮನೆಯಲ್ಲಿ, ಊಟಕ್ಕೆ ಇಂತಿಷ್ಟು ಅಂತ ಮೊದಲೇ ಮಾತಾಡಿ ಕೊಟ್ಟು, ಒಂದು ಸಲ ಕೊನೆಕೊಯ್ಲಿನ ಡಿಸೆಂಬರ್, ಇನ್ನೊಂದು ಸಲ ನಟ್ಟಿಯ ಜುಲೈ. ನಿಮ್ಮ ಕೆಲಸದಿಂದ ಅವರಿಗೆ ಲಾಭ ಅಂತ ಭ್ರಮೆ ಬೇಡ, ಮೊದಲ ಹದಿನೈದು ದಿನ ನೀವು ಅವರಿಗೆ ಒಂದು ಹೆಚ್ಚಿನ ಕೆಲಸ. ಆದರೂ ಸಾಲ, ಕೆಲಸ, ಮಕ್ಕಳ ಓದು ಅಂತ ಕಟ್ಟಿಬಿದ್ದವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ನಾಲ್ಕು ವರ್ಷ ಹೀಗೆ ಬಂದುಹೋಗಿ, ಅದೇ ಸಾಕು ಅಂತ ಸುಖವಾಗಿ ಬೆಂಗಳೂರಿನಲ್ಲಿರುವವರು ನನಗೆ ಗೊತ್ತು. ಅವರ ಬಾಲ್ಕನಿಯಲ್ಲಿ ಒಂದೆಲಗ ಬೆಳೆದಿದೆ, ತಂಬುಳಿ ಮಾಡಿಕೊಳ್ಳುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದಕ್ಕೆ ಪ್ರತಿ ಮಾರ್ಚಿನಲ್ಲಿ ರಜೆ ಹಾಕಿ ಬರುತ್ತಾರೆ.

ಹೋದ ವಾರ ಫೋನ್ ಮಾಡಿದ ದಂಪತಿಗೆ ಇದನ್ನೆಲ್ಲ ಹೇಳಿದೆ. ಗಂಡನಿಗೆ ಒಂಟಿಮನೆ, ಹೆಂಡತಿಗೆ ಪೇಟೆಯಂಚು. ಊರಿನ ಪಾಲಿಲ್ಲ, ಮಕ್ಕಳಿಲ್ಲ, ಗಂಡನಿಗೆ ಬೆನ್ನುನೋವು, ಹೆಂಡತಿಯದು ಮನೆಯಿಂದಲೇ ಮಾಡುವ ಕೆಲಸ. ಕೊಳ್ಳುವ ಮಾತು ಎರಡು ವರ್ಷ ಬಾಯಿಗೆ ತರಬೇಡಿ, ನಮ್ಮ ಕೇರಿಯ ಆಚೆ ಒಂದು ಮನೆ ಖಾಲಿ ಇದೆ, ಹನ್ನೊಂದು ತಿಂಗಳಿಗೆ ಹಿಡಿಯಿರಿ, ಆದರೆ ಫೆಬ್ರವರಿಯಲ್ಲೇ ಬನ್ನಿ ಅಂದೆ. ಹಾಗಾದರೆ ಸೌದೆ ಒಣಗಿಸಲು ಮೂರು ತಿಂಗಳು ಬಿಸಿಲು ಸಿಗುತ್ತದೆ, ಮೇ ತಿಂಗಳ ಬಾವಿಯನ್ನೂ ಕಂಡಂತಾಗುತ್ತದೆ. ಒಂಟಿಮನೆ ಬೇಕೇ ಅನ್ನಿಸಿದರೆ ಮಘೆ ಮಳೆ ಕಳೆದ ಮೇಲೆ ನಾನೇ ಜೊತೆಗೆ ಬಂದು ಹೊಸನಗರದ ಆ ಹಳೇಮನೆ ತೋರಿಸುತ್ತೇನೆ, ಅದು ಇನ್ನೂ ಖಾಲಿಯೇ ಇದೆ.

ಒಪ್ಪಿದರು. ಕೊನೆಗೆ ಹೆಂಡತಿ ಕೇಳಿದರು, ಫ್ರಿಜ್ ತರಬಹುದಾ ಅಂತ. ತನ್ನಿ ಅಂದೆ. ಮಳೆಗಾಲದಲ್ಲಿ ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುವ ಕಪಾಟು ಬೇಕಾಗುತ್ತದೆ, ಬೆಂಕಿಪೊಟ್ಟಣ, ಹಪ್ಪಳ, ಉಪ್ಪು ಇಡುವುದಕ್ಕೆ.